ಜೂಮ್ ಹಾಕಿದ್ದು ಹೀರೋಯಿನ್‌ಗಲ್ಲ, ಅಪ್ಪಯ್ಯನಿಗೆ!

ಸಿನಿಮಾದಲ್ಲಿ ಜೂಮ್ ಅಂದ್ರೆ ಗೊತ್ತಲ್ಲ ಗೆಳೆಯರೇ? ಗುಡ್ಡದ ತುದಿಯಲ್ಲಿ ಚುಕ್ಕಿಯಂತೆ ನಿಂತ ನಾಯಕಿ ಕಣ್ಣು ಮಿಟುಕಿಸುವುದರೊಳಗೆ ಪರದೆ ತುಂಬಾ ಬಂದುಬಿಡುತ್ತಾಳೆ. ಕ್ಯಾಮರಾ ನಿಂತಲ್ಲೇ ಇರುತ್ತೆ. ಓಡುವುದೆಲ್ಲ ಲೆನ್ಸಿನೊಳಗಿನ ಗಾಜು! ಶಂಕರ್‌ನಾಗ್ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದಾಗ ನಮ್ಮ ಮಾವ ಜನರ ಹಿಂದೆ ನಿಂತು ಶೂಟಿಂಗ್ ನೋಡಿದ್ದರಂತೆ. ಹತ್ತಿರ ಹೋಗಲಾಗದವನ ಸಂಕಟ ಅವರಿಂದಲೇ ನನಗೆ ಬಂದಿರಬೇಕು.

ನಾನು ಹೊಸನಗರ ಕಡೆಯವನು. ಸಾಗರದ ಒಂದು ಸ್ಟುಡಿಯೋದಲ್ಲಿ ಮದುವೆ ಫೋಟೋ ತೆಗೆಯುವ ಕೆಲಸ. ಹೊಸ 70-200 ಲೆನ್ಸ್ ಕೇಳಿದರೆ ಲಕ್ಷ ದಾಟುತ್ತೆ. ನನ್ನ ಕೈಗೆ ಸಿಕ್ಕಿದ್ದು 1970ರ ದಶಕದ ನಿಕಾನ್ 80-200, ಎಫ್ 4.5. ಕೊಟ್ಟದ್ದು ನಾಲ್ಕೇ ಸಾವಿರ! ಒಂದೇ ಬಳೆ: ತಿರುಗಿಸಿದರೆ ಫೋಕಸ್, ಹಿಂದೆ ಮುಂದೆ ಎಳೆದರೆ ಜೂಮ್. ತಲೆ ತಗ್ಗಿಸಿದರೆ ಬಳೆ ತಾನೇ ಜಾರುತ್ತೆ, ಕಳ್ಳ! ನನ್ನ ಡಿ90 ಕ್ಯಾಮರಾಗೆ ಸಲೀಸಾಗಿ ಕೂತಿತು. ಆದರೆ ಮೀಟರ್ ಕೆಲಸ ಮಾಡೋದಿಲ್ಲ, ಬೆಳಕು ನಾವೇ ಅಂದಾಜು ಮಾಡಬೇಕು. ಆ ಕ್ಯಾಮರಾದ ಸೆನ್ಸರ್ ಚಿಕ್ಕದಾದ್ದರಿಂದ 200 ಅನ್ನೋದು 300ರಷ್ಟು ದೂರ ಎಳೆಯುತ್ತೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಬೆಳ್ಳಕ್ಕಿಗಳು ದಡದಿಂದಲೇ ಸಿಕ್ಕವು. ಆದರೆ ನಾನು ಹೇಳಹೊರಟದ್ದು ಹಕ್ಕಿ ಕಥೆ ಅಲ್ಲ.

ನಮ್ಮಪ್ಪಯ್ಯ ಕೊನೆಗೌಡ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತಿ ಕೊನೆ ಕೊಯ್ಯೋದು ಅವರ ಕಸುಬು. ಕೆಳಗೆ ನಿಂತವರಿಗೆ ಕಾಣುವುದು ಎರಡು ಅಂಗಾಲು, ಅಷ್ಟೇ. ಒಂದು ಬೆಳಿಗ್ಗೆ ಎದುರಿನ ದಿಬ್ಬ ಹತ್ತಿ, ಕಲ್ಲಿಗೆ ಒರಗಿ ಅವರ ಮುಖಕ್ಕೆ ಜೂಮ್ ಹಾಕಿದೆ. ತೋಟದ ನೆರಳು, ಗಾಳಿಗೆ ಓಲಾಡುವ ಮರ. ಕೈಯಲ್ಲೇ ಫೋಕಸ್ ಹುಡುಕಿ ಹುಡುಕಿ, ಕಾದು, ಒತ್ತಿದೆ.

ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ... ತುಟಿ ಕಚ್ಚಿದ್ದಾರೆ. ಕಣ್ಣು ಗಟ್ಟಿ ಮುಚ್ಚಿದ್ದಾರೆ. ಪಕ್ಕದ ಮರಕ್ಕೆ ದಾಟುವ ಗಳಿಗೆ ಅದು! ಮನೇಲಿ ಸದಾ ತಮಾಷೆ ಮಾಡುವ ಮನುಷ್ಯ.

ಅಮ್ಮ ತುಂಬಾ ಹೊತ್ತು ನೋಡಿದಳು. "ಮೂವತ್ತು ವರ್ಷದಿಂದ ಇವ್ರು ಮೇಲೆ ಹಿಂಗಿರ್ತಾರಾ?" ಅಂದಳು. ಆ ರಾತ್ರಿ ಒಲೆ ಮುಂದೆ ಜಗಳ. ಅಪ್ಪಯ್ಯ ನನ್ನ ಮೇಲೇ ತಿರುಗಿದರು: "ಹೆದರಿಕೆ ಇಲ್ದೇ ಇರೋಕೆ ನಾನೇನು ನಿನ್ನ ಸಿನಿಮಾ ಹೀರೋನಾ?"

ಮುಂದಿನ ಮಳೆಗಾಲ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು. ನಮ್ಮ ಮಲೆನಾಡಿನ ಮಳೆ ಕೇಳಬೇಕೆ? ಬಿಚ್ಚಿಸಿ ಒರೆಸಿದ್ದಾಯ್ತು. ಲೇಪ ತಿಂದ ಕಲೆ ಉಳಿದಿದೆ. ಬಿಸಿಲಿಗೆ ಎದುರು ಹಿಡಿದರೆ ಚಿತ್ರ ಮಂಜು ಮಂಜು. ಕೊಳ್ಳುವವರೇ, ಮೊದಲು ಟಾರ್ಚ್ ಬಿಟ್ಟು ಗಾಜಿನೊಳಗೆ ಇಣುಕಿ! ಈಗ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯೇ ಅದರ ಮನೆ.

ಅಪ್ಪಯ್ಯ ಈಗಲೂ ಮರ ಹತ್ತುತ್ತಾರೆ. ಆದರೆ ದಾಟುವುದಿಲ್ಲ, ಒಂದೊಂದೂ ಇಳಿದು ಹತ್ತುತ್ತಾರೆ. ಕೂಲಿ ಕಮ್ಮಿ ಆಗಿದೆ. ಫೋಟೋ ಅಮ್ಮನ ಟ್ರಂಕಿನಲ್ಲಿದೆ, ಗೋಡೆಗೆ ಹಾಕಲು ಅವಳು ಒಪ್ಪಿಲ್ಲ.