ದೆಹಲಿಯ ಉಮೇದುವಾರಿಕೆ

ನಮ್ಮ ತಂದೆಯವರು ತುಮಕೂರಿನಲ್ಲಿ ವಾರಾನ್ನದಿಂದ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೀಗೆ ಏಳು ಮನೆಗಳ ಅನ್ನವನ್ನುಂಡು ಪರೀಕ್ಷೆಯನ್ನು ಮುಗಿಸಿದರು. ವೃದ್ಧಾಪ್ಯದಲ್ಲಿ ಮೊಮ್ಮಕ್ಕಳ ಹೆಸರು ಮರೆತರೂ ‘ಸೋಮವಾರದ ಮನೆಯ ಅಮ್ಮ’ನವರನ್ನು ಮಾತ್ರ ಅವರು ಮರೆಯಲಿಲ್ಲ. ಇದೆಲ್ಲ ನೆನಪಾದುದು, ಕಳೆದ ಚೈತ್ರದಲ್ಲಿ ನಮ್ಮ ಮನೆಯ ಜಗುಲಿಗೆ ಬಂದ ಒಬ್ಬ ಹುಡುಗಿಯಿಂದ.

ಅವಳು ನನ್ನ ಹಳೆಯ ಶಿಷ್ಯೆ, ತಂದೆ ದರ್ಜಿ. ರಾಜ್ಯಶಾಸ್ತ್ರವನ್ನು ತೆಗೆದುಕೊಂಡು ಬಿ.ಎ. ಓದುತ್ತಿರುವಳು. ದೆಹಲಿಯ ಒಂದು ಕಛೇರಿಯಲ್ಲಿ ಬೇಸಗೆಯ ಎರಡು ತಿಂಗಳಿದ್ದು, ಗ್ರಾಮಗಳ ಕುಡಿಯುವ ನೀರಿನ ವರದಿಗಳನ್ನು ಓದಿ ಟಿಪ್ಪಣಿ ಬರೆಯುವ ಅವಕಾಶವು ಅವಳಿಗೆ ದೊರೆತಿದ್ದಿತು. ಇಂಟರ್ನ್‌ಷಿಪ್ ಎಂದು ಇದರ ಹೆಸರು. ಹಿಂದಿನ ಕಛೇರಿಗಳಲ್ಲಿ ಸಂಬಳವಿಲ್ಲದೆ ಬರೆಯುತ್ತ ಕುಳಿತಿರುತ್ತಿದ್ದ ಉಮೇದುವಾರರ ಕಥೆಯನ್ನು ಕೇಳಿದವರಿಗೆ ಇದು ಹೊಸದೇನೂ ಅಲ್ಲ. ವೇತನವಿಲ್ಲ, ವಸತಿಯಿಲ್ಲ, ರೈಲಿನ ಖರ್ಚೂ ಇಲ್ಲ.

“ಮೇಷ್ಟ್ರೇ, ಕೆಲಸ ಮಾಡಿಸಿಕೊಂಡು ಕೂಲಿ ಕೊಡದ ಮೇಲೆ ಅದೆಂಥ ದೊಡ್ಡ ಕಛೇರಿ?” ಎಂದು ಅವಳ ತಂದೆ ಕೇಳಿದನು. ಬಾಡಿಗೆ, ಊಟ, ಪ್ರಯಾಣ ಎಲ್ಲ ಸೇರಿ ನಾವು ಹಾಕಿದ ಲೆಕ್ಕ 34,000 ರೂಪಾಯಿ. ಅವನಿಗೆ ಎರಡು ತಿಂಗಳ ದುಡಿಮೆಗಿಂತ ಹೆಚ್ಚು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ನಾಲ್ಕು ವರ್ಷಗಳ ಹಿಂದೆ ಇಂಥದೇ ಅವಕಾಶವನ್ನು ಪಡೆದು ಒಬ್ಬ ಬಡ ಹುಡುಗನು ನನ್ನಲ್ಲಿಗೆ ಬಂದಿದ್ದನು. ವಿದ್ಯಾರ್ಥಿಯಾದವನು ಸುಖವನ್ನು ಬಯಸಬಾರದೆಂದು ಒಂದು ಶ್ಲೋಕವನ್ನು ಹೇಳಿ, ಅದರ ಅನ್ವಯಾರ್ಥವನ್ನೂ ಹೇಳಿ ಕಳುಹಿಸಿದೆನು. ಅವನು ನಮಸ್ಕರಿಸಿ ಹೋದನು. ಆ ಬೇಸಗೆಯೆಲ್ಲ ಪೇಟೆಯ ಬಟ್ಟೆಯಂಗಡಿಯೊಂದರಲ್ಲಿ ಅಳತೆಗೋಲು ಹಿಡಿದು ನಿಂತಿದ್ದನು. ಅವನು ಬಿಟ್ಟ ಸ್ಥಾನಕ್ಕೆ ಹೋದವನಿಗೆ ದೆಹಲಿಯಲ್ಲಿ ಸೋದರಮಾವನ ಮನೆಯಿದ್ದಿತೆಂದು ಆಮೇಲೆ ತಿಳಿಯಿತು. ಇಬ್ಬರಲ್ಲಿ ಯೋಗ್ಯನಾರೆಂದು ಯಾರೂ ಪರೀಕ್ಷಿಸಲಿಲ್ಲ, ಸೋದರಮಾವನೇ ತೀರ್ಮಾನಿಸಿದನು. ನನ್ನ ಶ್ಲೋಕದಲ್ಲಿ ದೋಷವಿರಲಿಲ್ಲ; ಹೇಳಿದವನು ಉಂಡು ಕುಳಿತಿದ್ದನು, ಅಷ್ಟೆ.

ಸಂಸ್ಕೃತದಲ್ಲಿ ಶಿಷ್ಯನಿಗೆ ‘ಅಂತೇವಾಸಿ’ ಎಂಬ ಹೆಸರುಂಟು. ಗುರುವಿನ ಬಳಿಯಲ್ಲಿ ವಾಸಿಸುವವನೆಂದರ್ಥ. ವಾಸವೆಂದ ಮೇಲೆ ಸೂರು, ಸೂರೆಂದ ಮೇಲೆ ಒಲೆ. ಈ ಹೊಸ ಕ್ರಮದಲ್ಲಿ ಶುಶ್ರೂಷೆ ಮಾತ್ರ ಉಳಿದು ವಾಸವು ಬಿಟ್ಟುಹೋಗಿದೆ.

ಧನಿಕ ರಾಷ್ಟ್ರವಾದ ಅಮೆರಿಕದಲ್ಲಿಯೂ ಈ ತೊಡಕು ಬಹುಕಾಲವಿದ್ದಿತು. ಅಲ್ಲಿಯ ಸಂಸತ್ತು 2018ರಲ್ಲಿ ಇಂಥ ತರುಣರ ವೇತನಕ್ಕೆಂದೇ ಪ್ರತಿನಿಧಿಸಭೆಗೆ 88 ಲಕ್ಷ ಡಾಲರನ್ನೂ ಸೆನೆಟ್ಟಿಗೆ 50 ಲಕ್ಷ ಡಾಲರನ್ನೂ ತೆಗೆದಿರಿಸಿತು. ಅಧ್ಯಕ್ಷರ ಶ್ವೇತಭವನದಲ್ಲಿಯೇ 2022ರವರೆಗೆ ಅವರಿಗೆ ವೇತನವಿರಲಿಲ್ಲ. ಆದರೆ ಅಲ್ಲಿಯ ಅನೇಕ ಕಾಲೇಜುಗಳು, ಸಾರ್ವಜನಿಕ ಕಾರ್ಯಕ್ಕೆ ವೇತನವಿಲ್ಲದೆ ಹೋಗುವ ತಮ್ಮ ವಿದ್ಯಾರ್ಥಿಗಳಿಗೆ ಹಳೆಯ ವಿದ್ಯಾರ್ಥಿಗಳ ದಾನನಿಧಿಯಿಂದ ಬೇಸಗೆಯ ಖರ್ಚನ್ನು ಕೊಡುತ್ತವೆ. ನಮ್ಮ ವಿದೇಶಾಂಗ ಸಚಿವಾಲಯವೂ ತಿಂಗಳಿಗೆ 10,000 ರೂಪಾಯಿನ ಗೌರವಧನವನ್ನೂ ಹೋಗಿಬರುವ ವಿಮಾನದ ವೆಚ್ಚವನ್ನೂ ಗೊತ್ತುಮಾಡಿತು. ಹಾಗಾದರೆ ನಮ್ಮೂರಿನ ಕಾಲೇಜಿಗೆ ಹಳೆಯ ವಿದ್ಯಾರ್ಥಿಗಳಿಲ್ಲವೇ? ಇದ್ದಾರೆ; ವಾರ್ಷಿಕೋತ್ಸವದ ಶಾಮಿಯಾನಕ್ಕೆ ಕೊಡುತ್ತಾರೆ.

ನಿವೃತ್ತರಾದ ನಾವು ಆರು ಮಂದಿ ಸ್ನೇಹಿತರು ಸಂಜೆ ದೇವಸ್ಥಾನದ ಕಟ್ಟೆಯಲ್ಲಿ ಸೇರುವುದು ರೂಢಿ. ಅಲ್ಲಿ ವಿಷಯವನ್ನೆತ್ತಿದೆನು. ಒಬ್ಬರು ಹೆಣ್ಣುಮಗಳನ್ನು ಅಷ್ಟು ದೂರ ಕಳುಹಿಸುವುದೇ ಎಂದರು. ಇನ್ನೊಬ್ಬರು ರಸೀದಿ ಕೊಡುವರೇ ಎಂದರು. ಮೂರನೆಯ ದಿನ ಹಣ ಕೂಡಿತು. ಮೊದಲು ಆಕ್ಷೇಪಿಸಿದವರೇ ಎಲ್ಲರಿಗಿಂತ ಹೆಚ್ಚು ಕೊಟ್ಟರೆಂಬುದನ್ನು ಅವರ ಪ್ರೀತ್ಯರ್ಥವಾಗಿ ಇಲ್ಲಿ ಬರೆದಿದ್ದೇನೆ.

ಲಕೋಟೆಯನ್ನು ಕೊಟ್ಟಾಗ ಅವಳು, “ಇದು ಸಾಲವೋ, ದಾನವೋ ಮೇಷ್ಟ್ರೇ?” ಎಂದು ಕೇಳಿದಳು. ತಂದೆಯ ಮುಖವು ಕೆಳಗಾಗಿದ್ದಿತು. “ಎರಡೂ ಅಲ್ಲ, ವಾರಾನ್ನ” ಎಂದೆನು. ಆ ಶಬ್ದವು ಅವಳಿಗೆ ತಿಳಿಯದು. ಏಳು ಮನೆಗಳ ಕಥೆಯನ್ನು ಹೇಳಬೇಕಾಯಿತು.

ಈಗ ಅವಳು ದೆಹಲಿಯಲ್ಲಿರುವಳು. ಪ್ರತಿ ಭಾನುವಾರ, ನಾವು ಕೇಳದಿದ್ದರೂ, ಖರ್ಚಿನ ಲೆಕ್ಕವನ್ನು ಫೋನಿನಲ್ಲಿ ಬರೆದು ಕಳುಹಿಸುತ್ತಾಳೆ. ಕಟ್ಟೆಯ ಮೇಲೆ ನಾನದನ್ನು ಗಟ್ಟಿಯಾಗಿ ಓದುವೆನು. ರಸೀದಿ ಕೇಳಿದ ಮಿತ್ರರು ಕಳೆದ ವಾರ ನಡುವೆ ತಡೆದು, “ಮೂರು ವಾರಗಳಾದುವು, ಹಾಲಿನ ಲೆಕ್ಕವೇ ಇಲ್ಲವಲ್ಲ, ಕುಡಿಯುವುದಕ್ಕೆ ಬರೆಯಿರಿ” ಎಂದರು.