ಗಗನ ಅಂದ್ರೆ ಎಷ್ಟು ರೂಪಾಯಿ?

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೆರಡೇ ದಿನ. ಬೆಳಿಗ್ಗೆ ಏಳಕ್ಕೆಲ್ಲ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಕಾಲಿಡಲು ಜಾಗವಿಲ್ಲ. ನೀವು ಪತ್ರಿಕೋದ್ಯಮ ತೆಗೆದುಕೊಂಡ ಎರಡನೇ ವರ್ಷದ ಬಿ.ಎ. ವಿದ್ಯಾರ್ಥಿ. ವಿಭಾಗದ ಪ್ರಯೋಗ ಪತ್ರಿಕೆಗೆ ಹೂವಿನ ಬೆಲೆಯ ಸುದ್ದಿ ತರಬೇಕು. ಸೇವಂತಿಗೆ ಮೂಟೆ ಹೊತ್ತವನು ‘ಸೈಡ್, ಸೈಡ್’ ಎನ್ನುತ್ತ ನಿಮ್ಮ ಭುಜ ಸವರಿಕೊಂಡೇ ಹೋಗುತ್ತಾನೆ. ಕಾಲಡಿಯಲ್ಲಿ ಒದ್ದೆ ಬಾಳೆಎಲೆ ಜಾರುತ್ತದೆ.

ಕಟ್ಟಿದ ಮಲ್ಲಿಗೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಎಳೆದು ಮೊಳ ಅಳೆಯುತ್ತಿರುವ ಹೆಂಗಸಿನ ಮುಂದೆ ಮೊಬೈಲ್ ಹಿಡಿಯುತ್ತೀರಿ. ಆಕೆ ಅಳತೆ ನಿಲ್ಲಿಸುವುದಿಲ್ಲ.

‘ಯಾವ ಪೇಪರ್ ಮಗಾ ನಿಂದು?’

‘ಕಾಲೇಜಿಂದಮ್ಮ.’

‘ಅದನ್ನ ಯಾರು ಓದ್ತಾರೆ?’

ಗೆಳೆಯರು, ಮೇಷ್ಟ್ರುಗಳು ಎನ್ನುತ್ತೀರಿ. ‘ನಾ ಹೇಳಿದ್ದೇ ಬರೀತೀಯೋ, ನೀನೂ ಒಂದಿಷ್ಟು ಸೇರಿಸ್ತೀಯೋ? ಬರೆದ್ರೆ ಏನಾಗುತ್ತೆ?’ ಕೊನೆಯ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿಲ್ಲ. ಆಕೆಗೂ ಕಾಯುವ ಪುರುಸೊತ್ತಿಲ್ಲ. ದರ ಹೇಳಿ, ಮಂಡಿಯವರ ಫೋನ್ ನಂಬರ್ ಕೊಟ್ಟು, ಮುಂದಿನ ಗಿರಾಕಿಯತ್ತ ತಿರುಗುತ್ತಾಳೆ.

ಕಾಲೇಜಿನ ದಾರಿಯಲ್ಲಿ ಮಹಾರಾಜ ಕಾಲೇಜು ಸಿಗುತ್ತದೆ. ಅಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿ ಅದನ್ನು ‘ಆಕಾಶವಾಣಿ’ ಎಂದು ಕರೆದರು. 1951ರಲ್ಲಿ ನಾಡಿಗ ಕೃಷ್ಣಮೂರ್ತಿ ಪತ್ರಿಕೋದ್ಯಮದ ಪಾಠ ಆರಂಭಿಸಿದ್ದೂ ಇದೇ ಕಾಲೇಜಿನಲ್ಲಿ. ಪತ್ರಿಕಾ ಕಚೇರಿಯಲ್ಲಿ ಬೈಸಿಕೊಂಡು ಕಲಿಯಬೇಕಾದ ಕಸುಬಿಗೆ ಡಿಗ್ರಿ ಯಾಕೆ ಎಂದು ಮೂಗು ಮುರಿಯುವವರು ಇವತ್ತಿಗೂ ಇದ್ದಾರೆ. ನಿಮ್ಮ ಮನೆಯಲ್ಲೇ ಒಬ್ಬರಿದ್ದಾರೆ.

ಹತ್ತು ಗಂಟೆಗೆ ಸಂವಹನ ಸಿದ್ಧಾಂತದ ತರಗತಿ. ಹಲಗೆಯ ಮೇಲೆ ‘ಹೆರಾಲ್ಡ್ ಲ್ಯಾಸ್‌ವೆಲ್, 1948’. ಯಾವುದೇ ಸಂವಹನವನ್ನು ಅರಿಯಲು ಆತ ಮುಂದಿಟ್ಟ ಪ್ರಶ್ನೆಗಳು ಐದು: ಹೇಳುವವರು ಯಾರು, ಹೇಳುತ್ತಿರುವುದೇನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಅದರಿಂದ ಆಗುವುದೇನು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರುವ ಪ್ರಶ್ನೆ ಎಂದು ಪಕ್ಕದವನು ಗೆರೆ ಎಳೆಯುತ್ತಾನೆ. ನಿಮ್ಮ ಪೆನ್ನು ನಿಂತಿದೆ. ಬೆಳಿಗ್ಗೆ ಆಯಮ್ಮ ಮಲ್ಲಿಗೆ ಅಳೆಯುತ್ತ ಕೇಳಿದ್ದೂ ಇವನ್ನೇ ಅಲ್ಲವೇ?

ಅದೇ ವರ್ಷದ್ದು ಕ್ಲಾಡ್ ಶಾನನ್‌ನ ನಕ್ಷೆ. ಬೆಲ್ ಲ್ಯಾಬ್ಸ್‌ನ ಗಣಿತಜ್ಞ. ಸಂದೇಶದ ದಾರಿಯಲ್ಲಿ ‘ಗದ್ದಲ’ಕ್ಕೂ ಒಂದು ಜಾಗ ಬಿಟ್ಟವನು. ಮಧ್ಯಾಹ್ನ ಲ್ಯಾಬಿನಲ್ಲಿ ಹೆಡ್‌ಫೋನ್ ಹಾಕಿ ರೆಕಾರ್ಡಿಂಗ್ ಕೇಳಿದಾಗ ಆ ನಕ್ಷೆ ಕಿವಿಗೇ ಹೊಡೆಯುತ್ತದೆ: ಆಕೆ ದರ ಹೇಳುವ ಹೊತ್ತಿಗೆ ಸರಿಯಾಗಿ ‘ಸೈಡ್, ಸೈಡ್’. ಪುಣ್ಯಕ್ಕೆ ನೋಟ್‌ಬುಕ್‌ನಲ್ಲಿ ಗೀಚಿಕೊಂಡಿದ್ದೀರಿ.

ಮೊಬೈಲಿನಲ್ಲಿ ಬರೆದ ವರದಿಯನ್ನು ಪುಟಕ್ಕೆ ತಂದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ನೀವು ಟೈಪಿಸಿದ್ದು ಯೂನಿಕೋಡ್, ಪುಟ ಕಟ್ಟಿರುವುದು ಹಳೆಯ ನುಡಿ ಫಾಂಟಿನಲ್ಲಿ. ಪರಿವರ್ತಕಕ್ಕೆ ಹಾಕಿ ತೆಗೆದ ಮೇಲೂ ಒಂದೊಂದೇ ಒತ್ತಕ್ಷರ ನೋಡಿಕೊಂಡು ಬರಬೇಕು. ಅರ್ಕಾವತ್ತು ತಪ್ಪಿದ ಕಡೆ ಸರಿಪಡಿಸಿ ಪ್ರಿಂಟ್ ತೆಗೆದು, ಮೇಡಂ ಮೇಜಿನ ಮುಂದೆ ನಿಲ್ಲುತ್ತೀರಿ.

ಶೀರ್ಷಿಕೆ: ‘ಗ್ರಾಹಕರ ಜೇಬಿಗೆ ಕತ್ತರಿ’. ಮೊದಲ ಸಾಲು: ‘ಹಬ್ಬದ ಹಿನ್ನೆಲೆಯಲ್ಲಿ ಹೂವಿನ ಬೆಲೆ ಗಗನಕ್ಕೇರಿದೆ.’

ಕೆಂಪು ಪೆನ್ನು ಅಲ್ಲೇ ನಿಲ್ಲುತ್ತದೆ. ‘ಗಗನ ಅಂದ್ರೆ ಎಷ್ಟು ರೂಪಾಯಿ?’

ಇವತ್ತಿನ ದರ ಹೇಳುತ್ತೀರಿ.

‘ಹೋದ ವಾರ ಎಷ್ಟಿತ್ತು?’

ಕೇಳಿಲ್ಲ.

‘ಮತ್ತೆ ಏರಿದೆ ಅಂತ ಹೇಳಿದ್ದು ಯಾರು?’

ಯಾರೂ ಹೇಳಿಲ್ಲ. ಪ್ರತಿ ಹಬ್ಬಕ್ಕೂ ಪೇಪರಿನಲ್ಲಿ ಬರುವ ಸಾಲು ಕೈಗೆ ತಾನಾಗಿ ಬಂದಿದೆ, ಅಷ್ಟೆ. ಅದು ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಅದರ ಹಿಂದೆ ನಿಲ್ಲುವವರು ಯಾರೂ ಇಲ್ಲ. ಈ ಓದು ಬೇರೇನೂ ಕಲಿಸದಿದ್ದರೂ ಇದೊಂದನ್ನು ಕಲಿಸುತ್ತದೆ: ಸಿದ್ಧವಾಗಿ ಸಿಗುವ ವಾಕ್ಯವನ್ನು ಕಂಡಾಗ ಅನುಮಾನಪಡುವುದು. ಕಚೇರಿಯಲ್ಲಿ ರಾತ್ರಿ ಹತ್ತಕ್ಕೆ ಪುಟ ಮುಗಿಸುವ ಧಾವಂತದಲ್ಲಿ ಈ ಮೂರು ಪ್ರಶ್ನೆ ಕೇಳುವ ವ್ಯವಧಾನ ಯಾರಿಗಿರುತ್ತದೆ? ಇಲ್ಲಿ ಮೇಡಂಗೆ ಇದೆ, ನಿಮಗೂ ಇರಲೇಬೇಕು.

ಹೊರಗೆ ಬಂದು ಮಂಡಿಗೆ ಫೋನ್ ಹಚ್ಚುತ್ತೀರಿ. ಹೋದ ವಾರದ ದರ, ನಿನ್ನೆಯ ದರ ಎರಡೂ ಸಿಗುತ್ತವೆ. ಏರಿರುವುದು ನಿಜವೇ. ಸಾಕೆಂದು ಫೋನ್ ಇಡುವಷ್ಟರಲ್ಲಿ ಆ ಕಡೆಯಿಂದ ದನಿ: ‘ಏರಿದ್ದನ್ನ ಎಲ್ರೂ ಬರೀತಾರೆ ಸಾಮಿ. ಹಬ್ಬದ ಮಾರನೇ ದಿನ ಬನ್ನಿ. ಉಳಿದ ಹೂವನ್ನ ಕೇಳೋರಿರಲ್ಲ. ನಾವಂತೂ ವಾಪಸ್ ತಗೊಳಲ್ಲ, ಸಾಲ ಮಾಡಿ ಎತ್ತಿದವ್ರೇ ಅನುಭವಿಸ್ಬೇಕು.’

ಅದನ್ನು ಅವರು ಹೇಳಿದಂತೆಯೇ ಬರೆದುಕೊಂಡು ಒಳಗೆ ಹೋಗಿ ಓದುತ್ತೀರಿ. ಮೇಡಂ ‘ಜೇಬಿಗೆ ಕತ್ತರಿ’ಯ ಮೇಲೆ ಅಡ್ಡಗೆರೆ ಎಳೆಯುತ್ತಾರೆ. ‘ಇದಪ್ಪಾ ಸುದ್ದಿ. ಆದ್ರೆ ಇದು ಮಂಡಿಯವರ ಮಾತು ಮಾತ್ರ. ಸಾಲ ಮಾಡಿದವ್ರು ಏನಂತಾರೆ?’

ಪುಟ ಮುಗಿಯಬೇಕಿದ್ದದ್ದು ಇವತ್ತೇ. ವಿನ್ಯಾಸ ಮಾಡುವ ಹುಡುಗ ನಿಮ್ಮನ್ನೇ ನೋಡುತ್ತಿದ್ದಾನೆ. ಶನಿವಾರ ಬೆಳಿಗ್ಗೆಯವರೆಗೆ ಮೊದಲ ಪುಟದ ಬಲಗಡೆ ಎರಡು ಕಾಲಂ ಖಾಲಿ ಬಿಡು ಎನ್ನುತ್ತೀರಿ. ಅವನು ಗೊಣಗುತ್ತಲೇ ಬಿಡುತ್ತಾನೆ.