ತೊಳೆಯದ ಫಿಲ್ಮು

ಎಲ್ಲರೂ ಮೊಬೈಲಿನಲ್ಲಿಯೇ ಚಿತ್ರ ತೆಗೆಯುವ ಈ ಕಾಲದಲ್ಲಿ ಫಿಲ್ಮಿನ ಕ್ಯಾಮರಾವನ್ನು ಹೊತ್ತು ತಿರುಗುವವನನ್ನು ಜನರು ಸ್ವಲ್ಪ ಮರುಕದಿಂದಲೇ ನೋಡುವರು. ನಾನು ಅಂಥವರಲ್ಲೊಬ್ಬನು. ಮುದನಾಳದಲ್ಲಿ ನಮ್ಮ ದೊಡ್ಡವ್ವ ಬೇವಿನ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕುಳಿತಿದ್ದಾಗ ಒಂದು ಸುರುಳಿಯ ಮೂವತ್ತಾರು ಚಿತ್ರಗಳನ್ನೂ ಆಕೆಯವೇ ತೆಗೆದೆನು.

“ಫೋಟೋ ಯಾವಾಗ ಬರ್ತಾವಪಾ?” ಎಂದು ಕೇಳಿದಳು.

“ತೊಳೆಸಿಕೊಂಡು ತರ್ತೀನಿ, ದೊಡ್ಡವ್ವ” ಎಂದೆನು.

2019ರ ನವೆಂಬರಿನಲ್ಲಿ ಕಲಬುರಗಿಯ ವಿಮಾನನಿಲ್ದಾಣವು ತೆರೆದಂದಿನಿಂದ ನಮ್ಮ ಕಡೆಯಲ್ಲಿ ವಿಮಾನವೆಂಬುದು ಕಟ್ಟೆಯ ಮಾತಾಗಿದ್ದಿತು. ನಾನು ಹತ್ತಿದುದು ದೂರದ ಮತ್ತೊಂದು ನಿಲ್ದಾಣದಲ್ಲಿ. ಸುರುಳಿಯನ್ನು ಬಟ್ಟೆಯ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ವಿಮಾನದ ಹೊಟ್ಟೆಗೆ ಒಪ್ಪಿಸಿ, ನಿಶ್ಚಿಂತನಾಗಿ ಮೇಲೆ ಕುಳಿತೆನು. ಬೆಂಗಳೂರಿನಲ್ಲಿ ತೊಳೆಸಿದಾಗ ಉದ್ದಕ್ಕೂ ಮಂಜು ಕವಿದಿತ್ತು. ದೊಡ್ಡವ್ವನ ಮುಖವು ಅಲ್ಲಲ್ಲಿ ಊಹೆಗೆ ಮಾತ್ರ ನಿಲುಕುತ್ತಿತ್ತು.

ತಪ್ಪು ಯಂತ್ರದ್ದಲ್ಲ, ನನ್ನ ಅಜ್ಞಾನದ್ದು. ಫಿಲ್ಮಿನ ಮೇಲಣ ಬೆಳ್ಳಿಯ ಲವಣಕ್ಕೆ ಬೆಳಕೂ ಒಂದೇ, ಕ್ಷ-ಕಿರಣವೂ ಒಂದೇ. 1895ರಲ್ಲಿ ರಾಂಟ್ಜೆನ್ ಪಂಡಿತನು ತನ್ನ ಹೆಂಡತಿಯ ಕೈಯೆಲುಬುಗಳನ್ನು ಮೂಡಿಸಿದುದು ಛಾಯಾಚಿತ್ರದ ಫಲಕದ ಮೇಲೆಯೇ ಅಲ್ಲವೆ? ಅಂದು ಆ ಕಿರಣಕ್ಕೆ ಸಾಕ್ಷಿಯಾದ ವಸ್ತುವೇ ಇಂದು ಅದರಿಂದ ಕೆಡುತ್ತಿದೆ. ವಿಮಾನದ ಹೊಟ್ಟೆಗೆ ಹೋಗುವ ಸಾಮಾನನ್ನು ಶೋಧಿಸುವ ಕಿರಣವು ಬಲವಾದುದು. ಕೈಚೀಲವನ್ನು ನೋಡುವ ಹಳೆಯ ಬಗೆಯ ಯಂತ್ರವು ಸೌಮ್ಯ. 400ರ ವೇಗದ ಫಿಲ್ಮು ಅದನ್ನು ಒಂದೆರಡು ಸಾರಿ ತಾಳೀತು. ಆದರೆ ಪೆಟ್ಟಿನ ಮೇಲೆ ಪೆಟ್ಟು ಕೂಡುತ್ತ ಹೋಗುವುದು. 800ಕ್ಕೂ ಮೇಲ್ಪಟ್ಟುದಕ್ಕೆ ಭಯ ಹೆಚ್ಚು. ಈಚೆಗೆ ಬಂದಿರುವ ಸಿ.ಟಿ. ಯಂತ್ರವಂತೂ ಒಂದೇ ಸಾರಿಗೆ ಕೆಡಿಸಬಲ್ಲದು. ತೊಳೆದ ಫಿಲ್ಮಿಗೆ ಇದಾವುದರ ಭಯವೂ ಇಲ್ಲ.

ಮುಂದಿನ ಪ್ರಯಾಣದಲ್ಲಿ ಸುರುಳಿಗಳನ್ನು ಒಳಗಣದು ಕಾಣುವ ಚೀಲದಲ್ಲಿಟ್ಟು ಕೈಯಲ್ಲೇ ಹಿಡಿದೆನು. ಸರದಿಯಲ್ಲಿ ಹಿಂದೆ ನಿಂತವರ ಅಸಹನೆಯು ಬೆನ್ನಿಗೆ ತಾಗುತ್ತಿತ್ತು. “ಇವನ್ನು ಯಂತ್ರಕ್ಕೆ ಹಾಕದೆ ಕೈಯಿಂದಲೇ ನೋಡಿರಿ” ಎಂದು ಬೇಡಲು ನಾಚಿಕೆಯಾಯಿತು. ಒಲ್ಲೆನೆನ್ನುವ ಅಧಿಕಾರಿಗಳೂ ಉಂಟು. ಆದರೂ ಬಾಯಿಲ್ಲದ ವಸ್ತುವಿಗೆ ಒಯ್ಯುವವನೇ ಬಾಯಾಗಬೇಕು; ಆದುದರಿಂದ ಕೇಳಿದೆನು. ಅಧಿಕಾರಿಯು ಒಂದೊಂದನ್ನೇ ತಿರುವಿ ನೋಡಿ, “ಇದರಲ್ಲಿ ಏನಿದೆ?” ಎಂದನು.

“ನಮ್ಮೂರಿನ ಒಂದು ಕಟ್ಟೆ” ಎಂದೆನು.

ನಕ್ಕು ಹಿಂದಿರುಗಿಸಿದನು.

ಆ ಸುರುಳಿಯು ಸ್ವಚ್ಛವಾಗಿ ಬಂದಿತು. ಬೇವಿನ ಎಲೆಗಳನ್ನು ಒಂದೊಂದಾಗಿ ಎಣಿಸಬಹುದು. ಕಟ್ಟೆ ಮಾತ್ರ ಬರಿದಾಗಿದೆ. ದೊಡ್ಡವ್ವ ತೀರಿಕೊಂಡು ಆಗಲೇ ಮೂರು ತಿಂಗಳಾಗಿದ್ದಿತು.